ಚೆನ್ನೆಮಣೆ ಅಟ್ಟದಿಂದ ಇಳಿಯಲಿ

ಕಳೆದ ಬೇಸಗೆ ರಜೆಯಲ್ಲಿ ಎಂಟು ದಿನ ಮೈಂದರ್ಗಿಯಲ್ಲಿದ್ದು ಬಂದೆ. ನಮ್ಮ ಕಾಸರಗೋಡಿನ ಓದುಗರಲ್ಲಿ ಬಹುಮಂದಿಗೆ ಈ ಹೆಸರು ಹೊಸತಾಗಿರಬಹುದು. ಮಹಾರಾಷ್ಟ್ರದ ಸೊಲ್ಲಾಪುರ ಜಿಲ್ಲೆಯ ಅಕ್ಕಲಕೋಟೆ ತಾಲೂಕಿನಲ್ಲಿ, ಅಕ್ಕಲಕೋಟೆಯಿಂದ ದುಧನಿಯ ಕಡೆಗೆ ಹೋಗುವ ದಾರಿಯಲ್ಲಿರುವ ಸಣ್ಣ ಪೇಟೆ ಅದು. ಅಂಗಡಿಯ ಹಲಗೆಯ ಮೇಲೆ ಮರಾಠಿ, ಅಂಗಡಿಯೊಳಗಿನ ಚೌಕಾಸಿ ಕನ್ನಡ. ನಮ್ಮಲ್ಲಿ ಹಲಗೆಯ ಮೇಲೆ ಮಲೆಯಾಳ ಇದ್ದಂತೆ ಎಂದರೆ ಚಿತ್ರ ಸ್ಪಷ್ಟವಾದೀತು. 1956ರ ಪುನರ್ವಿಂಗಡಣೆಯಲ್ಲಿ ನಾವು ಕೇರಳಕ್ಕೆ ಸೇರಿದೆವು, ಅವರು ಆಗಿನ ಮುಂಬಯಿ ರಾಜ್ಯದಲ್ಲೇ ಉಳಿದರು. 1967ರ ಮಹಾಜನ ವರದಿಯ ಒಂದೇ ಹೊತ್ತಗೆಯಲ್ಲಿ ಕಾಸರಗೋಡಿನ ಹೆಸರೂ ಅಕ್ಕಲಕೋಟೆಯ ಹೆಸರೂ ಬಂತು. ಅಲ್ಲಿಗೆ ನಮ್ಮ ನಂಟು ನಿಂತಿತು. ಆ ಚರಿತ್ರೆಯನ್ನು ಇಲ್ಲಿ ಬಿಚ್ಚುವ ಉದ್ದೇಶ ನನಗಿಲ್ಲ. ನಾನು ಹೇಳಹೊರಟಿರುವುದು ಆಟದ ವಿಷಯ. ಕವಡೆ, ಹರಳು, ಹುಣಸೆ ಬೀಜಗಳನ್ನಿಟ್ಟುಕೊಂಡು ಕೂತಲ್ಲೇ ಆಡುವ ಆಟಗಳ ವಿಷಯ.

ನನ್ನ ಟಿ.ಸಿ.ಎಚ್. ಸಹಪಾಠಿಯೊಬ್ಬರು ಆ ಊರಿನವರು. ಈಗ ಅಲ್ಲಿಯೇ ಕನ್ನಡ ಮಾಧ್ಯಮದ ಅಧ್ಯಾಪಕರು. "ಒಮ್ಮೆ ನಮ್ಮ ಕಡಿ ಬಾರೋ" ಎಂದು ಇಪ್ಪತ್ತು ವರ್ಷಗಳಿಂದ ಕರೆಯುತ್ತಲೇ ಇದ್ದರು. ಹೋದದ್ದು ಮೇ ತಿಂಗಳಲ್ಲಿ. ಅದಕ್ಕಿಂತ ಅವಿವೇಕದ ಕಾಲ ಇನ್ನೊಂದಿಲ್ಲವೆಂದು ಬಸ್ಸಿನಿಂದ ಇಳಿದ ಮೇಲೆ ತಿಳಿಯಿತು. ಬೆಳಗ್ಗೆ ಹನ್ನೊಂದಕ್ಕೆ ಬೀದಿ ಖಾಲಿ. ಊರಿಗೆ ಊರೇ ನೆರಳು ಹಿಡಿದು ಕೂತಿರುತ್ತದೆ. ನಮ್ಮಲ್ಲಿ ಆಟಿಯ ಮಳೆ ಮಾಡುವ ಕೆಲಸವನ್ನು ಅಲ್ಲಿ ಬಿಸಿಲು ಮಾಡುತ್ತದೆ. ಹೊಲಗದ್ದೆಯ ದುಡಿಮೆ ನಿಲ್ಲಿಸಿ ಮನುಷ್ಯನನ್ನು ಒಂದು ಕಡೆ ಕೂರಿಸುತ್ತದೆ. ಕೂತವನು ಏನಾದರೂ ಮಾಡಬೇಕಲ್ಲ!

ಬೇವಿನ ಮರದ ಕೆಳಗಿನ ಕಟ್ಟೆಯಲ್ಲಿ ನಾಲ್ಕೈದು ಮಂದಿ ಹಿರಿಯರು ಇದ್ದಲಿಯಲ್ಲಿ ಗೆರೆ ಎಳೆದು ತಲೆ ಬಗ್ಗಿಸಿ ಕೂತಿದ್ದರು. "ಇದು ಯಾವ ಆಟ ಅಜ್ಜ?" ಎಂದೆ. "ಹುಲಿ-ಕುರಿ ಅಲ್ಲೇನ್ರೀ ಸರ! ನಿಮ್ಮ ಕಡಿ ಇಲ್ಲೇನು?" ಎಂದರು ಒಬ್ಬರು. "ಉಂಟು" ಎಂದೆ. ಕಟ್ಟೆಗೆ ಕಟ್ಟೆಯೇ ನಕ್ಕಿತು. "ಉಂಟು ಅಂದ್ರ ಉಂಡ್ರಿ ಅಂತೇನ್ರೀ?" ಎಂದು ಇನ್ನೊಬ್ಬರು ಕೇಳಿದರು. ನನ್ನ ಗೆಳೆಯರು ಅರ್ಥ ಹೇಳುವ ಹೊತ್ತಿಗೆ ನನಗೆ ಜಾಗ ಬಿಟ್ಟು ಮೂರು ಹುಲಿಗಳನ್ನು ಕೈಗೆ ಕೊಟ್ಟಿದ್ದರು.

ಆಟ ಗೊತ್ತಿಲ್ಲದವರಿಗಾಗಿ ನಾಲ್ಕು ಮಾತು ಹೇಳುತ್ತೇನೆ. ಒಂದು ತ್ರಿಕೋನ; ತುದಿಯಿಂದ ಬುಡಕ್ಕೆ ನಾಲ್ಕು ಗೆರೆ, ಅವನ್ನು ಕತ್ತರಿಸುವ ಅಡ್ಡಗೆರೆಗಳು. ಗೆರೆಗಳು ಕೂಡುವಲ್ಲೆಲ್ಲ ಒಂದೊಂದು ಮನೆ. ತುದಿಯಲ್ಲಿ ಒಂದು, ಅದರ ಕೆಳಗೆ ಮೂರು ಸಾಲುಗಳಲ್ಲಿ ಆರಾರು, ಬುಡದಲ್ಲಿ ನಾಲ್ಕು, ಹೀಗೆ ಒಟ್ಟು 23 ಮನೆ. ಹುಲಿ ಮೂರು, ಕುರಿ 15. ಹುಲಿ ಪಕ್ಕದ ಕುರಿಯ ಮೇಲಿಂದ ಹಾರಿ ಆಚೆಯ ಖಾಲಿ ಮನೆಗೆ ಬಿದ್ದರೆ ಕುರಿ ಸತ್ತಿತು. ಕುರಿಗೆ ಹಾರುವ ಅಧಿಕಾರವಿಲ್ಲ. ಸುತ್ತುಗಟ್ಟಿ ಹುಲಿಯನ್ನು ಅಲುಗದಂತೆ ಮಾಡಿದರೆ ಕುರಿಯವನು ಗೆದ್ದ. ದಾಳವಿಲ್ಲ, ಅದೃಷ್ಟವಿಲ್ಲ. ಇದನ್ನೇ ತಮಿಳರು ಆಡು-ಪುಲಿ ಎನ್ನುತ್ತಾರೆ, ತೆಲುಗರು ಪುಲಿ-ಜೂದಂ, ಮರಾಠಿಗರು ವಾಘ-ಬಕರಿ. ನೇಪಾಳದ ಬಾಘ್‌ಚಾಲ್‌ನಲ್ಲಿ ಹುಲಿ ನಾಲ್ಕು, ಆಡು 20, ಮನೆ 25. ಹಂಪೆಗೆ ಹೋದವರು ಬಂಡೆಗಳ ಮೇಲೂ ಮಂಟಪದ ನೆಲಹಾಸಿನ ಮೇಲೂ ಕೊರೆದ ಇಂಥ ಆಟದ ಮನೆಗಳನ್ನು ನೋಡಿರಬಹುದು. ಕಾವಲಿನವರೋ ಯಾತ್ರಿಕರೋ, ಯಾರೋ ಹೊತ್ತು ಹೋಗದೆ ಕೂತವರು.

ನಾನು ಅರ್ಧ ಗಂಟೆಯೊಳಗೆ ಸೋತೆ. ಹುಲಿಯನ್ನು ಕೈಯಲ್ಲಿಟ್ಟುಕೊಂಡು ಸೋಲುವುದು ಸಣ್ಣ ಅವಮಾನವಲ್ಲ. ಎದುರಿಗಿದ್ದ ಅಜ್ಜ ಎರಡು ಕುರಿಗಳನ್ನು ಬೇಕೆಂದೇ ಬಿಟ್ಟುಕೊಟ್ಟು ನನ್ನ ಒಂದು ಹುಲಿಯನ್ನು ಮೂಲೆಗೆ ಕರೆದು ಅಲ್ಲೇ ಕಟ್ಟಿಹಾಕಿದರು. "ಹುಲಿಗೆ ಹಸಿವು ಭಾಳ ಇರತೈತ್ರೀ ಸರ, ಅದನ್ನ ನಂಬಿ ಆಡಬೇಕು" ಎಂದರು. ಆದರೆ ಸೋಲಿಗಿಂತ ರುಚಿಯಾದದ್ದು ಅದರ ನಂತರದ ಚರ್ಚೆ. ನಮ್ಮ ಮನೆಯಲ್ಲಿ ಐದು ಕುರಿ ತಿಂದರೆ ಹುಲಿ ಗೆದ್ದಂತೆ. ಅಲ್ಲಿ ಒಬ್ಬರು ಎಂಟು ಎಂದರು. ಇನ್ನೊಬ್ಬರು, ಲೆಕ್ಕವೆಂಥದು, ಕುರಿಯಿಂದ ಕಟ್ಟಲಾಗದಷ್ಟು ಕಡಿಮೆಯಾದರೆ ಮುಗಿಯಿತು ಎಂದರು. ಎಲ್ಲ ಕುರಿಗಳನ್ನು ಇಡುವ ಮೊದಲು ಕುರಿ ನಡೆಯಬಹುದೇ ಎಂಬುದಕ್ಕೆ ಮತ್ತೊಂದು ವಾದ. ಪಕ್ಕದ ಕಟ್ಟೆಯಲ್ಲಿ ಚೌಕಾಬಾರ ಆಡುತ್ತಿದ್ದವರೂ ಆಟ ಬಿಟ್ಟು ಬಂದು ಸೇರಿಕೊಂಡರು. ಎದುರಾಳಿಯ ಒಂದು ಕಾಯಿಯನ್ನಾದರೂ ಕಡಿಯದೆ ಒಳಸುತ್ತಿಗೆ ಹೋಗಬಾರದು, ನಾಲ್ಕು ಅಥವಾ ಎಂಟು ಬಿದ್ದರೆ ಮತ್ತೊಮ್ಮೆ ಕವಡೆ ಹಾಕಬೇಕು ಎಂಬವು ಇಬ್ಬರಲ್ಲೂ ಒಂದೇ. ಆದರೆ ಒಂದರ ಮೇಲೊಂದು ಮೂರು ಸಲ ಬಿದ್ದರೆ ಎಲ್ಲವೂ ರದ್ದು ಎಂಬ ನನ್ನ ಅಜ್ಜಿಯ ಕಾನೂನು ಅಲ್ಲಿ ಯಾರಿಗೂ ಒಪ್ಪಿಗೆಯಾಗಲಿಲ್ಲ. ಬಿದ್ದ ಗರವನ್ನು ಕಿತ್ತುಕೊಳ್ಳುವುದು ಎಲ್ಲಿಯ ನ್ಯಾಯ ಎಂದು ಅವರ ಪ್ರಶ್ನೆ. ನನಗೆ ಉತ್ತರ ತೋಚಲಿಲ್ಲ.

ಈ ಚರ್ಚೆಯನ್ನು ಕೇಳುತ್ತಾ ನನಗೊಂದು ಯೋಚನೆ ಬಂತು. ಅದನ್ನು ಹೇಳಲು ಸ್ವಲ್ಪ ದೂರ ಹೋಗಬೇಕಾಗಿದೆ.

ಮಣೆಯ ಮೇಲೆ ಯುದ್ಧವನ್ನಾಡುವ ಹವ್ಯಾಸ ಯುರೋಪು, ಅಮೆರಿಕಾಗಳಲ್ಲಿ ದೊಡ್ಡದು. ಅದರ ಬೇರು ನಮ್ಮ ಚದುರಂಗದಲ್ಲಿದೆ: ಆನೆ, ಕುದುರೆ, ರಥ, ಕಾಲಾಳು ಎಂಬ ನಾಲ್ಕು ಅಂಗಗಳ ಸೈನ್ಯ. ಇಲ್ಲಿಂದ ಪರ್ಷಿಯಕ್ಕೆ, ಅಲ್ಲಿಂದ ಅರಬರ ಮೂಲಕ ಯುರೋಪಿಗೆ ಹೋದ ಆ ಆಟವನ್ನು ಜರ್ಮನಿಯ ಬ್ರನ್ಸ್‌ವಿಕ್‌ನ ಹೆಲ್‌ವಿಗ್ ಎಂಬ ಪಂಡಿತ 1780ರಲ್ಲಿ ಹಿಗ್ಗಿಸಿ, ಬೆಟ್ಟ ನದಿಗಳಿರುವ ಯುದ್ಧದ ಮಣೆಯನ್ನಾಗಿ ಮಾಡಿದ. 1824ರಲ್ಲಿ ಪ್ರಷ್ಯದ ಸೇನೆಯ ರೈಸ್‌ವಿಟ್ಸ್ ಎಂಬ ತರುಣ ಅಧಿಕಾರಿ ಮಣೆಯನ್ನೇ ಬಿಟ್ಟು ನಿಜವಾದ ನಕ್ಷೆಯ ಮೇಲೆ ದಾಳ ಹಾಕಿ ಆಡುವ, ನಡುವೆ ಒಬ್ಬ ತೀರ್ಪುಗಾರ ಕೂರುವ ಆಟವನ್ನು ಪ್ರಕಟಿಸಿದ. ಸೇನೆ ಅದನ್ನು ತನ್ನ ಅಧಿಕಾರಿಗಳ ತರಬೇತಿಗೆ ಬಳಸಿತು. ವಿಜ್ಞಾನ ಕಾದಂಬರಿಗಳ ಎಚ್.ಜಿ. ವೆಲ್ಸ್ 1913ರಲ್ಲಿ ಆಟಿಕೆ ಸೈನಿಕರ ಯುದ್ಧಕ್ಕೆ 'ಲಿಟ್ಲ್ ವಾರ್ಸ್' ಎಂಬ ನಿಯಮದ ಪುಸ್ತಕವನ್ನೇ ಬರೆದರು. 1954ರಲ್ಲಿ ಅಮೆರಿಕಾದ ಚಾರ್ಲ್ಸ್ ರಾಬರ್ಟ್ಸ್ 'ಟ್ಯಾಕ್ಟಿಕ್ಸ್' ಎಂಬ ಆಟವನ್ನು ಪೆಟ್ಟಿಗೆಯಲ್ಲಿಟ್ಟು ಮಾರಿದರು. ಮುಂದೆ ಅವರ ಕಂಪೆನಿಯಿಂದ 1964ರಲ್ಲಿ ಆಟಗಾರರಿಗೆಂದೇ 'ದ ಜನರಲ್' ಎಂಬ ಪತ್ರಿಕೆ ಹೊರಟಿತು. ಅದರಲ್ಲಿ ಎದುರಾಳಿ ಬೇಕಾಗಿದ್ದಾರೆ ಎಂಬ ಜಾಹೀರಾತುಗಳು! ದೂರದೂರದ ಊರುಗಳಲ್ಲಿ ಒಂಟಿಯಾಗಿದ್ದ ಹವ್ಯಾಸಿಗಳು ಹೀಗೆ ಒಬ್ಬರನ್ನೊಬ್ಬರು ಹುಡುಕಿಕೊಂಡು ಅಂಚೆಯಲ್ಲಿ ನಡೆ ಬರೆದು ಆಡಿದರು.

ಅವರ ಆಟ ನಮ್ಮದಕ್ಕಿಂತ ಉತ್ತಮವೆಂದು ನಾನು ಹೇಳುವುದಿಲ್ಲ. ಮೂರು ಬಲಿಷ್ಠರಿಗೆ ಹದಿನೈದು ದುರ್ಬಲರು ಎದುರು ನಿಲ್ಲುವ ನಮ್ಮ ಹುಲಿ-ಕುರಿ ಯಾವ ಯುದ್ಧದಾಟಕ್ಕೂ ಕಡಿಮೆಯಲ್ಲ, ಅದಕ್ಕೆ ಬೇಕಾದದ್ದು ಒಂದು ತುಂಡು ಇದ್ದಲಿ ಮಾತ್ರ. ವ್ಯತ್ಯಾಸ ಇರುವುದು ಇಷ್ಟರಲ್ಲಿ: ಅವರು ಬರೆದರು. ಐದೋ ಎಂಟೋ ಎಂಬ ಜಗಳವನ್ನೂ ಬಿಡದೆ ಬರೆದು ಅಚ್ಚು ಹಾಕಿದರು. ನಾವು ಕಟ್ಟೆಯಲ್ಲಿ ಆಡಿ, ಕಟ್ಟೆಯಲ್ಲೇ ವಾದಿಸಿ, ಸಂಜೆಗೆ ಗೆರೆಯನ್ನು ಕಾಲಿನಿಂದ ಒರಸಿ ಎದ್ದುಬಂದೆವು.

ಹಾಗೆಂದು ಕನ್ನಡನಾಡಿನಲ್ಲಿ ಬರೆದವರೇ ಇಲ್ಲವೆಂದಲ್ಲ. ಅಕ್ಕಲಕೋಟೆಯಿಂದ ಅಷ್ಟೇನೂ ದೂರವಲ್ಲದ ಕಲ್ಯಾಣದಲ್ಲಿ, ಅಂದರೆ ಇಂದಿನ ಬಸವಕಲ್ಯಾಣದಲ್ಲಿ, ಚಾಲುಕ್ಯರ ಮೂರನೆಯ ಸೋಮೇಶ್ವರ ಸುಮಾರು 1130ರ ಹೊತ್ತಿಗೆ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಚದುರಂಗ, ದಾಳ, ಕವಡೆಗಳ ಆಟಗಳಿಗೆ ಪ್ರತ್ಯೇಕ ಪ್ರಕರಣಗಳಿವೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರಂತೂ ಆಟದ ಹುಚ್ಚಿನವರು. ರಾಜ್ಯಾಡಳಿತ ಬ್ರಿಟಿಷರ ಕೈಗೆ ಹೋದ ಮೇಲೆ ಅವರಿಗೆ ಹೊತ್ತೂ ಇತ್ತು. 'ಶ್ರೀತತ್ತ್ವನಿಧಿ'ಯ ಒಂಬತ್ತನೆಯ ಭಾಗವಾದ ಕೌತುಕನಿಧಿಯನ್ನು ಆಟಗಳಿಗೆ ಮೀಸಲಿಟ್ಟರು; ಗಂಜೀಫಾ ಎಲೆಗಳನ್ನು ಒಂದು ಆಟಕ್ಕೆ 360ರ ತನಕ ಏರಿಸಿದರು; ಚದುರಂಗದ ಕುದುರೆ ಒಮ್ಮೆ ಮೆಟ್ಟಿದ ಮನೆಯನ್ನು ಮತ್ತೆ ಮೆಟ್ಟದೆ 64 ಮನೆಗಳನ್ನೂ ಸುತ್ತಿಬರುವ ದಾರಿಗಳನ್ನು ಹೆಣೆದರು. ನಮ್ಮ ಕಾಲದಲ್ಲಿ ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನದವರು 2007ರಿಂದೀಚೆಗೆ 'ಕ್ರೀಡಾ ಕೌಶಲ್ಯ' ಎಂಬ ಪ್ರದರ್ಶನಗಳನ್ನು ನಡೆಸಿ, ಹಳೆಯ ಮಣೆಗಳನ್ನು ಹೊಸದಾಗಿ ಮಾಡಿಸಿ ಜನರ ಮುಂದಿಟ್ಟಿದ್ದಾರೆ. ಸ್ತುತ್ಯ ಕಾರ್ಯ. ಆದರೆ ಅರಸರೂ ಪ್ರತಿಷ್ಠಾನಗಳೂ ಬರೆದಿಡುವುದು ತಮ್ಮ ಕಣ್ಣಿಗೆ ಬಿದ್ದದ್ದನ್ನು. ಕುಂಬಳೆಯ ಆಚೆಯ ಒಂದು ಮನೆಯ ಚಾವಡಿಯಲ್ಲಿ ಒಬ್ಬ ಅಜ್ಜಿ ಏನಾಡುತ್ತಿದ್ದರು ಎಂಬುದನ್ನು ಅವರು ಬರೆಯಲಾರರು. ಅದು ನನ್ನ ಕೆಲಸವಾಗಿತ್ತು. ನಾನು ಮಾಡಲಿಲ್ಲ.

ನಮ್ಮ ಮನೆಯ ಅಟ್ಟದಲ್ಲಿ ಹಲಸಿನ ಮರದ ಚೆನ್ನೆಮಣೆಯೊಂದಿದೆ. ಎರಡು ಸಾಲಿನಲ್ಲಿ ಏಳೇಳು ಗುಳಿ, ಗುಳಿಗೆ ನಾಲ್ಕರಂತೆ 56 ಮಂಜೊಟ್ಟಿ ಬೀಜ. ಆಟಿ ಬಂದಾಗ ಅಜ್ಜಿ ಅದನ್ನು ಇಳಿಸಿ ಒರಸಿ ಚಾವಡಿಯಲ್ಲಿಡುತ್ತಿದ್ದರು. ಆಟಿ ಮುಗಿದರೆ ಮತ್ತೆ ಅಟ್ಟಕ್ಕೆ. ಬೇರೆ ಕಾಲದಲ್ಲಿ ಆಡಬಾರದು, ಅಕ್ಕತಂಗಿಯರು ಎದುರುಬದುರಾಗಿ ಕೂರಬಾರದು. ಸಿರಿ ಪಾಡ್ದನದ ಅವಳಿಗಳಾದ ಅಬ್ಬಗ-ದಾರಗರು ಚೆನ್ನೆಯಾಡುತ್ತಾ ಜಗಳವಾಗಿ, ಒಬ್ಬಳು ಮಣೆಯಿಂದಲೇ ಇನ್ನೊಬ್ಬಳ ತಲೆಗೆ ಹೊಡೆದು ಇಬ್ಬರೂ ಸತ್ತ ಕತೆ ತುಳುನಾಡಿನಲ್ಲಿ ಯಾರಿಗೆ ಗೊತ್ತಿಲ್ಲ? ಪೀಟರ್ ಕ್ಲಾಸ್ ಎಂಬ ಅಮೆರಿಕಾದ ವಿದ್ವಾಂಸರು ಈ ಮಣೆಯ ಬಗ್ಗೆ, ಅದರ ಕತೆಯ ಬಗ್ಗೆ ಬರೆದದ್ದು 1986ರಲ್ಲಿ ಅಚ್ಚಾಗಿದೆ. ಅಷ್ಟು ದೂರದವರಿಗೆ ಕಂಡದ್ದು ಮನೆಯೊಳಗಿದ್ದ ನನಗೆ ಕಾಣಲಿಲ್ಲ.

ಅಜ್ಜಿಗೆ ಮೂರು ಆಟ ಬರುತ್ತಿತ್ತು. ಎರಡನ್ನು ನನಗೆ ಕಲಿಸಿದ್ದರು. ಮೂರನೆಯದು ಒಬ್ಬರೇ ಆಡುವಂಥದು. ಮಧ್ಯಾಹ್ನ ಊಟವಾದ ಮೇಲೆ ಕಂಬಕ್ಕೊರಗಿ ಕೂತು, ಬೀಜಗಳನ್ನು ಯಾವುದೋ ಲೆಕ್ಕದಲ್ಲಿ ಹಂಚಿ, ಸುತ್ತು ಹಾಕಿ ಹಾಕಿ ಕೊನೆಗೆ ಮೊದಲಿದ್ದ ಹಾಗೆಯೇ ತಂದು ನಿಲ್ಲಿಸುತ್ತಿದ್ದರು. ಸೀತೆ ಅಶೋಕವನದಲ್ಲಿ ಒಬ್ಬಳೇ ಆಡಿದ್ದೆಂದು ತಮಿಳುನಾಡಿನಲ್ಲಿ ಹೇಳುವ ಒಂದು ಆಟವಿದೆ. ಇದು ಅದರ ದಾಯಾದಿಯೋ ಏನೋ. "ಇದೆಂಥದಜ್ಜಿ?" ಎಂದರೆ "ನಿನಗೆ ಈಗ ಬೇಡ ಮಗಾ, ಒಬ್ಬನೇ ಕೂರುವ ಪ್ರಾಯ ಬರಲಿ" ಎನ್ನುತ್ತಿದ್ದರು. ನಾನು ಟಿ.ಸಿ.ಎಚ್. ಓದಲು ಹಾಸ್ಟೆಲಿನಲ್ಲಿದ್ದಾಗ ಅವರು ತೀರಿಕೊಂಡರು. ಮಣೆ ಇದೆ, ಬೀಜವೂ ಇದೆ, ಆಟವಿಲ್ಲ.

ಮೈಂದರ್ಗಿಗೆ ಆ ಮಣೆಯನ್ನು ಚೀಲದಲ್ಲಿಟ್ಟುಕೊಂಡೇ ಹೋಗಿದ್ದೆ. ಗೆಳೆಯರ ತಾಯಿಗೆ ತೋರಿಸಿದೆ. ಅವರ ಕಡೆ ನೆಲದಲ್ಲಿ ಗುಳಿ ತೋಡಿ ಹುಣಸಿ ಬೀಜದಲ್ಲಿ ಆಡುತ್ತಿದ್ದರಂತೆ. ಇಬ್ಬರು ಆಡುವ ಆಟವನ್ನು ಕೂತಲ್ಲೇ ಆಡಿ ನನ್ನನ್ನು ಎರಡು ಸಲ ಸೋಲಿಸಿದರು. ಒಬ್ಬರೇ ಆಡುವುದರ ಬಗ್ಗೆ ಕೇಳಿದೆ. ಸ್ವಲ್ಪ ಹೊತ್ತು ಬೀಜಗಳನ್ನು ಕೈಯಲ್ಲಿ ಹೊರಳಿಸಿದರು. "ಹಂಗ ಒಂದ ಆಟ ಐತಿ ಅಂತ ನಮ್ಮತ್ತಿಯವರು ಅಂತಿದ್ರು ತಮ್ಮಾ. ನಾ ಕಲೀಲಿಲ್ಲ. ಆಗ ಒಲಿ ಮುಂದಿನ ಕೆಲಸನ ಮುಗೀತಿರಲಿಲ್ಲ" ಎಂದರು.

ಊರಿಗೆ ಬಂದ ಮೇಲೆ ಶಾಲೆಯಲ್ಲಿ ಶನಿವಾರ ಒಂದು ಗಂಟೆ ಈ ಆಟಗಳಿಗೆ ಕೊಡೋಣವೆಂದು ಸಲಹೆ ಮಾಡಿದೆ. ಆಕ್ಷೇಪಗಳು ಬರದೆ ಇರಲಿಲ್ಲ. ಕವಡೆ ಎಂದಕೂಡಲೇ ಹಿರಿಯರೊಬ್ಬರು ಶಕುನಿಯ ಹೆಸರೆತ್ತಿದರು. ಧರ್ಮರಾಯ ಸೋತದ್ದು ಕವಡೆಯಿಂದಲ್ಲ, ಪಣದಿಂದ. ಪಣ ಬೇಡವೆಂದರೆ ಮುಗಿಯಿತಲ್ಲ! ನಿಜವಾದ ಜೂಜು ಎಲ್ಲಿತ್ತೆಂದು ಎಲ್ಲರಿಗೂ ಗೊತ್ತು: ಕಿಸೆಯೊಳಗಿನ ಫೋನಿನಲ್ಲಿತ್ತು. ಹಣವಿಟ್ಟಾಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಲು 2025ರ ಆಗಸ್ಟಿನಲ್ಲಿ ಸಂಸತ್ತು ಕಾಯಿದೆಯನ್ನೇ ಮಾಡಬೇಕಾಯಿತು. ಪರೀಕ್ಷೆಯ ಅಂಕಕ್ಕೆ ಇದರಿಂದ ಏನು ಬಂತು ಎಂದು ಕೇಳಿದ ತಂದೆತಾಯಿಯರಿಗೆ ನಾನು ಚೆನ್ನೆಯಲ್ಲಿ ಬೀಜ ಹಂಚುವಾಗ ಮಗು ಮನಸ್ಸಿನೊಳಗೇ ಮಾಡುವ ಲೆಕ್ಕವನ್ನು ತೋರಿಸಿದೆ. ಅವರು ಒಪ್ಪಿದರೆಂದು ಹೇಳಲಾರೆ, ಸುಮ್ಮನಾದರು.

ಇನ್ನೊಂದು ಆಕ್ಷೇಪ ಮಾತ್ರ ಗಟ್ಟಿಯಾದದ್ದು. ಮಕ್ಕಳು ಈಗಲೂ ಆಡುತ್ತಾರಲ್ಲ, ಫೋನಿನಲ್ಲಿ ಲೂಡೋ ಇದೆ, ಚೆಸ್ ಇದೆ, ಆಟ ಎಲ್ಲಿ ಸತ್ತಿತು ಮಾಷ್ಟ್ರೇ ಎಂದು ಯುವಕ ಅಧ್ಯಾಪಕರೊಬ್ಬರು ಕೇಳಿದರು. ನಿಜ. ಲೂಡೋ ನಮ್ಮ ಪಗಡೆಯ ಮಗಳು; ಹತ್ತೊಂಬತ್ತನೆಯ ಶತಮಾನದ ಕೊನೆಗೆ ಇಂಗ್ಲೆಂಡಿನಲ್ಲಿ ಬೇರೆ ಅಂಗಿ ತೊಟ್ಟು ಬಂದವಳು. ಆದರೆ ಫೋನು ನಿಯಮವನ್ನು ತಾನೇ ನೋಡಿಕೊಳ್ಳುತ್ತದೆ. ಅಲ್ಲಿ ವಾದವಿಲ್ಲ. ವಾದವಿಲ್ಲದಲ್ಲಿ ಮಾತೂ ಇಲ್ಲ. ನಾನು ಭಾಷೆ ಕಲಿಸುವವನು, ನನ್ನ ಕಿವಿ ಅಲ್ಲಿಗೇ ಹೋಗುತ್ತದೆ. ನಮ್ಮ ಕನ್ನಡ ಮಾಧ್ಯಮದ ಮಕ್ಕಳು ತರಗತಿಯಲ್ಲಿ ಕನ್ನಡ ಓದುತ್ತಾರೆ, ಬರೆಯುತ್ತಾರೆ; ಗಂಟೆ ಹೊಡೆದು ಅಂಗಳಕ್ಕಿಳಿದರೆ ಆಟದ ಮಾತು ಮಲೆಯಾಳ. ಮಲೆಯಾಳದ ಮೇಲೆ ನನಗೆ ದ್ವೇಷವಿಲ್ಲ, ನಾನೂ ಅದರಲ್ಲೇ ಮೀನು ಕೊಳ್ಳುವುದು. ಆದರೆ ಪಾಠಕ್ಕೆ ಮಾತ್ರ ಇರುವ ಭಾಷೆಯನ್ನು ಮಗು ಪಾಠದ ಪುಸ್ತಕದೊಂದಿಗೇ ಮುಚ್ಚಿಡುತ್ತದೆ. ಜಗಳಕ್ಕೆ, ಗೇಲಿಗೆ, ಮೋಸ ಹಿಡಿಯುವುದಕ್ಕೆ ಬಳಸಿದ ಭಾಷೆಯನ್ನು ಹಾಗೆ ಮುಚ್ಚಿಡಲಾಗುವುದಿಲ್ಲ. ಗರ ಬಿತ್ತು, ಕಾಯಿ ಕಡಿದೆ, ಕಾಯಿ ಹಣ್ಣಾಯಿತು, ಹುಲಿ ಕಟ್ಟಿತು ಎಂಬ ಮಾತುಗಳನ್ನು ಯಾವ ಪಠ್ಯಪುಸ್ತಕ ಕಲಿಸೀತು? ಹತ್ತನೆಯ ತರಗತಿಯ ಹುಡುಗನೊಬ್ಬ "ಸರ್, ಕಾಯಿ ಹೇಗೆ ಹಣ್ಣಾಗುವುದು?" ಎಂದು ಕೇಳಿದ್ದಾನೆ. ಅವನ ಮನೆಮಾತು ಕನ್ನಡ.

ಶನಿವಾರದ ಗಂಟೆ ಕಡೆಗೂ ಸಿಕ್ಕಿತು. ಮನೆಯ ಹಿರಿಯರಿಂದ ಒಂದು ಆಟ ಕೇಳಿ, ಅದರ ನಿಯಮವನ್ನು ಒಂದು ಪುಟ ಬರೆದು ತರಬೇಕೆಂಬುದು ಮಕ್ಕಳಿಗೆ ಮನೆಕೆಲಸ. ಈ ತನಕ 31 ಪುಟ ಬಂದಿವೆ. ಕನ್ನಡ, ತುಳು, ಕೊಂಕಣಿ, ಬ್ಯಾರಿ, ಮಲೆಯಾಳ ಮನೆಗಳ ಆಟ, ಎಲ್ಲವೂ ಕನ್ನಡ ಲಿಪಿಯಲ್ಲಿ. ಒಂದೇ ಆಟ ಐದು ಬಗೆಯಲ್ಲಿ ಬಂದದ್ದುಂಟು, ಐದನ್ನೂ ಇಟ್ಟುಕೊಂಡಿದ್ದೇನೆ. ತಿದ್ದುವ ಚಪಲ ಬಂದರೂ ಕೈ ಕಟ್ಟಿಕೊಂಡಿದ್ದೇನೆ, ಅಧ್ಯಾಪಕನಿಗೆ ಇದು ಸುಲಭದ ಮಾತಲ್ಲ.

ಈ ಪತ್ರಿಕೆಯ ಸಂಪಾದಕರಲ್ಲಿ ನನ್ನದೊಂದು ಬಿನ್ನಹವಿದೆ. ವಾರಕ್ಕೊಮ್ಮೆ ನಾಲ್ಕು ಇಂಚು ಜಾಗ ಕೊಟ್ಟರೆ ಒಂದೊಂದು ಮನೆಯ ಆಟವನ್ನು ಅಚ್ಚು ಹಾಕಬಹುದು. ಎದುರಾಳಿ ಬೇಕಾಗಿದ್ದಾರೆ ಎಂಬ ಜಾಹೀರಾತಿಗೂ ಜಾಗವಿರಲಿ. ಮಂಜೇಶ್ವರದಲ್ಲೊಬ್ಬರು, ಮುಳ್ಳೇರಿಯದಲ್ಲೊಬ್ಬರು ಒಬ್ಬಂಟಿ ಆಟಗಾರರು ಇದ್ದೇ ಇದ್ದಾರೆ. ಓದುಗರಲ್ಲಿಯೂ ಕೇಳಿಕೊಳ್ಳುತ್ತೇನೆ: ನಿಮ್ಮ ಮನೆಯ ಹಿರಿಯರಲ್ಲಿ ಯಾರಿಗಾದರೂ ಚೆನ್ನೆಮಣೆಯಲ್ಲಿ ಒಬ್ಬರೇ ಆಡುವ ಆಟ ಗೊತ್ತಿದ್ದರೆ ದಯವಿಟ್ಟು ಪತ್ರಿಕೆಯ ವಿಳಾಸಕ್ಕೆ ಒಂದು ಕಾಗದ ಹಾಕಿ. ಆಟಿ ಬರುವ ತನಕ ಕಾಯಬೇಡಿ. ಬರೆಯುವುದಕ್ಕೆ ಯಾವ ತಿಂಗಳಲ್ಲೂ ದೋಷವಿಲ್ಲ.

ಅಂದ ಹಾಗೆ, ನಮ್ಮ ಒಂಬತ್ತನೆಯ ತರಗತಿಗೂ ಮೈಂದರ್ಗಿಯ ಗೆಳೆಯರ ತರಗತಿಗೂ ಈಗ ಅಂಚೆಯಲ್ಲಿ ಹುಲಿ-ಕುರಿ ನಡೆಯುತ್ತಿದೆ. 23 ಮನೆಗಳಿಗೆ ತುದಿಯಿಂದ ಸಾಲಾಗಿ ಅಂಕೆ ಕೊಟ್ಟಿದ್ದೇವೆ. ಒಂದು ಕಾರ್ಡಿಗೆ ಒಂದು ನಡೆ. ಹುಲಿ ಅವರದು, ಕುರಿ ನಮ್ಮದು. ಎಷ್ಟು ಕುರಿ ಸತ್ತರೆ ಸೋಲು ಎಂಬುದನ್ನು ತೀರ್ಮಾನಿಸಲಿಕ್ಕೇ ನಾಲ್ಕು ಕಾರ್ಡು ಖರ್ಚಾಯಿತು. ಕೊನೆಗೆ ಐದೂ ಅಲ್ಲ ಎಂಟೂ ಅಲ್ಲ, ಆರು ಎಂದಾಯಿತು. ಮೊನ್ನೆ ಬಂದ ಕಾರ್ಡಿನಲ್ಲಿ ಒಬ್ಬ ಹುಡುಗಿಯ ದುಂಡನೆಯ ಅಕ್ಷರ: "ನಮ್ಮ ಹುಲಿ 4ರಿಂದ 16ಕ್ಕ ಹಾರೈತಿ. 10ರಾಗಿನ ನಿಮ್ಮ ಕುರಿ ತಗೀರಿ. ನೀವು ಬೇಕಂತನ ಕೊಟ್ರೋ ಹೆಂಗ?" ಬೇಕೆಂದೇ ಕೊಟ್ಟದ್ದೆಂದು ಬರೆಯಬೇಕೋ ಬೇಡವೋ ಎಂದು ನಮ್ಮ ಮಕ್ಕಳು ಎರಡು ದಿನಗಳಿಂದ ಕನ್ನಡದಲ್ಲಿ ಜಗಳವಾಡುತ್ತಿದ್ದಾರೆ.